ನೋವಿದ್ದಲ್ಲಿ ವೈರಸ್ ಇರಲಿಲ್ಲ

2020ರ ಏಪ್ರಿಲ್ 10ರಂದು ‘ಜಾಮಾ ನ್ಯೂರಾಲಜಿ’ ಪತ್ರಿಕೆಯಲ್ಲಿ ವೂಹಾನ್‌ನ ವೈದ್ಯರ ವರದಿಯೊಂದು ಪ್ರಕಟವಾಯಿತು. ಆ ಊರಿನ ಮೂರು ಆಸ್ಪತ್ರೆಗಳಲ್ಲಿ ಜನವರಿ ನಡುವಿನಿಂದ ಫೆಬ್ರವರಿ ನಡುವಿನವರೆಗೆ ದಾಖಲಾಗಿದ್ದ 214 ಕೋವಿಡ್ ರೋಗಿಗಳ ಕಡತಗಳನ್ನು ನರವೈದ್ಯರು ಕೂತು ಓದಿದ್ದರು. ಅವರಲ್ಲಿ 78 ಮಂದಿಗೆ ಕೆಮ್ಮು ಜ್ವರಗಳ ಜೊತೆಗೆ ನರಕ್ಕೋ ಸ್ನಾಯುವಿಗೋ ಸೇರಿದ ಏನಾದರೊಂದು ತೊಂದರೆ ಇತ್ತು. ಕೆಲವರಿಗೆ ತಲೆಸುತ್ತು, ಕೆಲವರಿಗೆ ತಲೆನೋವು, ಕೆಲವರಿಗೆ ಪ್ರಜ್ಞೆ ಮಂಕಾಗಿತ್ತು. ಹತ್ತರಲ್ಲಿ ಒಬ್ಬರಿಗೆ ಸ್ನಾಯುಗಳು ನೋಯುತ್ತಿದ್ದುದಷ್ಟೇ ಅಲ್ಲ, ಸ್ನಾಯು ಹರಿದಾಗ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತದಲ್ಲಿ ಏರಿತ್ತು. ಶ್ವಾಸಕೋಶದ ಕಾಯಿಲೆ ಎಂದುಕೊಂಡಿದ್ದು ಮೈಯೆಲ್ಲ ಓಡಾಡುತ್ತಿದೆ ಎಂಬುದಕ್ಕೆ ಲೆಕ್ಕದ ರೂಪದಲ್ಲಿ ಸಿಕ್ಕ ಮೊದಮೊದಲ ಪುರಾವೆ ಅದು.

ಆ ವರದಿಯಲ್ಲಿ ನನ್ನ ಗಮನ ಸೆಳೆಯುವುದು ಒಂದು ಚಿಕ್ಕ ಅಂಕಿ. ವಾಸನೆ ಕಳೆದುಕೊಂಡವರು ನೂರಕ್ಕೆ 5 ಮಂದಿ ಮಾತ್ರ. ಅದೇ ತಿಂಗಳಲ್ಲಿ ಯುರೋಪಿನ ಹನ್ನೆರಡು ಆಸ್ಪತ್ರೆಗಳವರು ತೀವ್ರವಲ್ಲದ ಕಾಯಿಲೆಯ 417 ಮಂದಿಯನ್ನು ಕೇಳಿ ನೋಡಿದಾಗ ಈ ಅಂಕಿ 85 ದಾಟಿತ್ತು. ಎರಡು ಖಂಡಗಳ ಜನರ ಮೂಗಿನಲ್ಲಿ ಒಂದಿಷ್ಟು ವ್ಯತ್ಯಾಸ ಇರುವುದು ಹೌದೆಂದು ಆಮೇಲಿನ ಅಧ್ಯಯನಗಳೂ ಹೇಳಿವೆ. ಆದರೂ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ವೂಹಾನ್‌ನಲ್ಲಿ ಓದಿದ್ದು ಹಳೆಯ ಕಡತ. ಉಸಿರಿಗೆ ಒದ್ದಾಡುತ್ತಿರುವವನನ್ನು ‘ನಿಮಗೆ ಸಾರಿನ ಘಮ ಗೊತ್ತಾಗುತ್ತಿದೆಯಾ’ ಎಂದು ಯಾರು ಕೇಳುತ್ತಾರೆ? ಕೇಳದೇ ಇದ್ದದ್ದು ಕಡತಕ್ಕೆ ಏರುವುದೂ ಇಲ್ಲ. ಯುರೋಪಿನವರು ಪ್ರಶ್ನಾವಳಿ ಹಿಡಿದು ಅದನ್ನೇ ಕೇಳಿದ್ದರು.

ವಾಸನೆಯ ಕತೆಯನ್ನೇ ಮೊದಲು ಎತ್ತಿಕೊಳ್ಳಲು ಕಾರಣವಿದೆ. ಈ ವೈರಸ್ ನರಮಂಡಲವನ್ನು ಹೇಗೆ ಕೆಡಿಸಿತು ಎಂಬುದು ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿಕೊಂಡಿರುವುದು ಮೂಗಿನಲ್ಲೇ. ಶೀತದಲ್ಲೂ ವಾಸನೆ ಹೋಗುತ್ತದೆ, ಆದರೆ ಅದು ಮೂಗು ಕಟ್ಟಿ ಗಾಳಿ ಮೇಲೇರದೆ ಹೋಗುವುದು. ಕೋವಿಡ್‌ನಲ್ಲಿ ಮೂಗು ಸಲೀಸಾಗಿ ತೆರೆದಿದ್ದವರಿಗೂ ಬೆಳಗ್ಗೆ ಎದ್ದಾಗ ಒಗ್ಗರಣೆ, ಸೋಪು, ಫಿನಾಯಿಲ್ ಯಾವುದರ ವಾಸನೆಯೂ ಇಲ್ಲ. ಹಾಗಾದರೆ ವೈರಸ್ ವಾಸನೆಯ ನರಕ್ಕೇ ನುಗ್ಗಿರಬೇಕು, ಆ ನರ ಹಿಡಿದು ನೇರ ಮಿದುಳಿಗೆ ಏರುತ್ತಿರಬೇಕು ಎಂದು ಎಲ್ಲರೂ ಊಹಿಸಿದರು. ದಿಗಿಲು ಹುಟ್ಟಿಸುವ ಊಹೆ. ಮೂಗಿನ ಮಾಳಿಗೆಯಿಂದ ಮಿದುಳಿಗೆ ಇರುವ ದೂರ ತೀರಾ ಕಡಿಮೆ. ನಡುವೆ ಇರುವುದು ಜರಡಿಯಂತೆ ತೂತುಗಳಿರುವ ತೆಳು ಮೂಳೆಯೊಂದೇ.

ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತ ಅವರ ಪ್ರಯೋಗಾಲಯ ಈ ಊಹೆಯನ್ನು ಪರೀಕ್ಷೆಗೆ ಹಚ್ಚಿತು. ವೈರಸ್ ಒಂದು ಕೋಶದೊಳಗೆ ಹೋಗಬೇಕಾದರೆ ಆ ಕೋಶದ ಮೈಮೇಲೆ ಎಸಿಇ-2 ಎಂಬ ಪ್ರೋಟೀನ್ ಇರಬೇಕು. ಮೂಗಿನ ಯಾವ ಯಾವ ಕೋಶದಲ್ಲಿ ಅದರ ಜೀನ್ ಚಾಲೂ ಇದೆ ಎಂದು ಅವರು ಒಂದೊಂದಾಗಿ ನೋಡಿದರು. 2020ರ ಜುಲೈನಲ್ಲಿ ಪ್ರಕಟವಾದ ಉತ್ತರ ಎಲ್ಲರನ್ನೂ ಬೆರಗಾಗಿಸಿತು: ವಾಸನೆ ಹಿಡಿಯುವ ನರಕೋಶಗಳಲ್ಲಿ ಎಸಿಇ-2 ಇಲ್ಲ. ಅವುಗಳ ಪಕ್ಕದಲ್ಲಿ ನಿಂತು ಪೋಷಣೆ ಕೊಡುವ, ಸುತ್ತಲಿನ ದ್ರವದ ಉಪ್ಪಿನ ಹದ ಕಾಯುವ ಆಸರೆ ಕೋಶಗಳಲ್ಲಿ ಇದೆ.

ಅಡಿಕೆ ತೋಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳುಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿರುತ್ತದೆ. ರೋಗ ಬರುವುದು ಅಡಿಕೆಗೆ. ಮರ ಉರುಳಿದಾಗ ಯಾವ ರೋಗವೂ ಇಲ್ಲದ ಬಳ್ಳಿಯೂ ನೆಲ ಹಿಡಿಯುತ್ತದೆ.

ಇದು ಜೀನುಗಳ ಪಟ್ಟಿ ನೋಡಿ ಹೇಳಿದ ಮಾತಾಯಿತು. ಮನುಷ್ಯರ ಮೂಗಿನಲ್ಲಿ ನಿಜಕ್ಕೂ ಹಾಗೇ ಆಯಿತೇ? ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪೀಟರ್ ಮೊಂಬಾರ್ಟ್ಸ್ ಬೆಲ್ಜಿಯಂನ ವೈದ್ಯರ ಜೊತೆ ಸೇರಿ ಇದಕ್ಕೆ ಉತ್ತರ ಹುಡುಕಿದ ರೀತಿ ಗಟ್ಟಿ ಎದೆಯವರದು. ಕೋವಿಡ್‌ನಿಂದ ತೀರಿಕೊಂಡವರ ಮೂಗಿನ ಮೇಲ್ಪೊರೆಯನ್ನು, ಕುಟುಂಬದವರ ಒಪ್ಪಿಗೆ ಪಡೆದು, ಸಾವಿನ ಬೆನ್ನಲ್ಲೇ ಹಾಸಿಗೆಯ ಪಕ್ಕದಲ್ಲೇ ತೆಗೆದರು. ತಡವಾದರೆ ಆ ಪೊರೆ ಕೊಳೆತು ಏನೂ ಕಾಣುವುದಿಲ್ಲ. 2021ರ ಕೊನೆಗೆ ಬಂದ ಅವರ ವರದಿಯೂ ಅದನ್ನೇ ಹೇಳಿತು: ವೈರಸ್ ಇದ್ದದ್ದು ಆಸರೆ ಕೋಶಗಳಲ್ಲಿ, ವಾಸನೆಯ ನರಕೋಶಗಳಲ್ಲಿ ಅಲ್ಲ.

ನರಕೋಶ ಸಾಯದೇ ಇದ್ದರೆ ವಾಸನೆ ಹೋದದ್ದಾದರೂ ಹೇಗೆ? ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟಾವ್ರೋಸ್ ಲೊಮ್ವಾರ್ಡಾಸ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್‌ಗಳಲ್ಲೂ ಸತ್ತವರ ಅಂಗಾಂಶದಲ್ಲೂ ಇದನ್ನು ಕಂಡುಕೊಂಡರು. ನಮ್ಮ ಮೂಗಿಗೆ ವಾಸನೆ ಗುರುತಿಸುವ ಸುಮಾರು 400 ಬಗೆಯ ಗ್ರಾಹಕ ಪ್ರೋಟೀನುಗಳಿವೆ, ಒಂದೊಂದಕ್ಕೂ ಒಂದೊಂದು ಜೀನ್. ಪಕ್ಕದ ಕೋಶಗಳಿಗೆ ಸೋಂಕು ತಗಲಿ ರೋಗನಿರೋಧಕ ಸಂಕೇತಗಳು ಸುತ್ತ ಹರಡಿದಾಗ, ಸೋಂಕೇ ತಗಲದ ನರಕೋಶಗಳ ನ್ಯೂಕ್ಲಿಯಸ್ಸಿನೊಳಗೆ ಈ ಜೀನುಗಳ ಜೋಡಣೆ ಕದಡಿ ಅವು ಮೌನವಾಗುತ್ತವೆ. ವಾಸನೆ ಬೇಗ ಮರಳಿದ ಬಹುಪಾಲು ಜನರಲ್ಲಿ ಆದದ್ದು ಇಷ್ಟೇ ಇರಬಹುದು. ಆಸರೆ ಕೋಶ ಮತ್ತೆ ಬೆಳೆಯಿತು, ಜೀನು ಮತ್ತೆ ಮಾತಾಡಿತು. ತಿಂಗಳುಗಟ್ಟಲೆ ಮರಳದವರ ಮೂಗಿನ ಪೊರೆಯ ಚೂರು ತೆಗೆದು ನೋಡಿದ ಡ್ಯೂಕ್ ವಿಶ್ವವಿದ್ಯಾಲಯದವರಿಗೆ ಅಲ್ಲಿ ವೈರಸ್ ಸಿಗಲಿಲ್ಲ. ಬೀಡುಬಿಟ್ಟು ಉರಿ ಆರಲು ಬಿಡದ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಸಿಕ್ಕವು.

ಮರಳುವಾಗಲೂ ವಾಸನೆ ನೆಟ್ಟಗೆ ಮರಳಲಿಲ್ಲ. ಎಷ್ಟೋ ಜನರಿಗೆ ಕಾಫಿ ಕೊಳೆತ ಕಸದಂತೆ, ಈರುಳ್ಳಿ ಬೆಳ್ಳುಳ್ಳಿ ಸುಟ್ಟ ರಬ್ಬರಿನಂತೆ ನಾರತೊಡಗಿದವು. ಮನೆಯವರು ಹುಚ್ಚು ಎಂದುಕೊಂಡರು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ಕಾಫಿಯ ಘಮವನ್ನು ಅಣು ಅಣುವಾಗಿ ಬೇರ್ಪಡಿಸಿ ಇಂಥವರಿಗೆ ಮೂಸಿಸಿದಾಗ, ಅವರನ್ನು ಹೆಚ್ಚಾಗಿ ಕಾಡುತ್ತಿದ್ದದ್ದು 2-ಫ್ಯೂರಾನ್‌ಮೀಥೇನ್‌ಥಯಾಲ್ ಎಂಬ ಗಂಧಕದ ಸಂಯುಕ್ತ ಎಂದು ಗೊತ್ತಾಯಿತು. ಹುರಿದ ಕಾಫಿಗೆ ಘಮ ಕೊಡುವುದೇ ಅದು. ಮಿಕ್ಕ ನೂರಾರು ಅಣುಗಳಿಗೆ ಮೂಗು ಇನ್ನೂ ಕಿವುಡಾಗಿರುವಾಗ ಇದೊಂದೇ ಮೊದಲು ಕೇಳಿಸಿ ಮಿಕ್ಕದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಇದಕ್ಕೆ ಮಾತ್ರೆಯಿಲ್ಲ. ಡ್ರೆಸ್ಡೆನ್‌ನ ಥಾಮಸ್ ಹುಮೆಲ್ 2009ರಲ್ಲೇ, ಅಂದರೆ ಕೋವಿಡ್‌ಗೆ ಹತ್ತು ವರ್ಷ ಮೊದಲೇ, ತೋರಿಸಿಕೊಟ್ಟಿದ್ದ ಮೂಗಿನ ಸಾಧನೆ ಇದೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಬಾರಿ ಮೂರು ತಿಂಗಳು ಗಮನವಿಟ್ಟು ಮೂಸುವುದು. ನಾಲ್ಕೂ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲರಿಗೂ ಫಲ ಕೊಡುವುದಿಲ್ಲ, ಕೊಡುವಾಗಲೂ ನಿಧಾನ. ಆದರೆ ಕೇಡಿಲ್ಲ, ಖರ್ಚಿಲ್ಲ.

ಈಗ ಮೈಕೈ ನೋವಿಗೆ ಬರೋಣ. ಕರ್ನಾಟಕದವರಿಗೆ ವೈರಸ್ಸಿನ ಮೈನೋವು ಹೊಸದಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ದೇಶಕ್ಕೆ ಮರಳಿ ಬಂದಾಗ ಎಲ್ಲಕ್ಕಿಂತ ಹೆಚ್ಚು ನರಳಿದ್ದು ನಮ್ಮ ರಾಜ್ಯ. ಶಂಕಿತ ಪ್ರಕರಣಗಳೇ 7 ಲಕ್ಷ ಮೀರಿದ್ದವು. ಹಳ್ಳಿಗೆ ಹಳ್ಳಿಯೇ ಗೋಡೆ ಹಿಡಿದು ನಡೆಯಿತು. ಆ ವೈರಸ್ ಕೀಲಿನ ಒಳಪೊರೆಗೂ ಸ್ನಾಯುವಿಗೂ ತಾನೇ ಇಳಿದು ಅಲ್ಲೇ ಬೆಳೆಯುತ್ತದೆ. ನೋವು ಇದ್ದ ಕಡೆ ವೈರಸ್ಸೂ ಇರುತ್ತದೆ. ಹಾಗಾಗಿ 2020ರಲ್ಲಿ ಜ್ವರದ ಜೊತೆ ಸೊಂಟ, ಮಂಡಿ, ಮೀನಖಂಡ ಹಿಂಡಿದಾಗ ಇದೂ ಹಾಗೇ ಇರಬೇಕೆಂದು ಅನ್ನಿಸಿದ್ದು ಸಹಜ.

ಚೀನಾಕ್ಕೆ ಹೋಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಂಡ 2020ರ ಫೆಬ್ರವರಿಯಲ್ಲಿ 55,924 ಖಚಿತ ಪ್ರಕರಣಗಳನ್ನು ಲೆಕ್ಕ ಹಾಕಿತ್ತು. ಸುಸ್ತು ನೂರಕ್ಕೆ 38 ಮಂದಿಗೆ, ಸ್ನಾಯು ಅಥವಾ ಕೀಲು ನೋವು ಸುಮಾರು 15 ಮಂದಿಗೆ. ಹೀಗೆ ನೋಯುತ್ತಿದ್ದ ಸ್ನಾಯುವಿನೊಳಗೆ ಏನು ನಡೆಯುತ್ತಿತ್ತು? ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯವರು ತೀವ್ರ ಕೋವಿಡ್‌ನಿಂದ ತೀರಿಕೊಂಡ 43 ಮಂದಿಯ ಸ್ನಾಯುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಹೆಚ್ಚಿನವರಲ್ಲಿ ಉರಿಯೂತ ಇತ್ತು, ಕೆಲವರಲ್ಲಂತೂ ಜೋರಾಗಿಯೇ ಇತ್ತು. ಸ್ನಾಯುಕೋಶಗಳಿಗೇ ವೈರಸ್ ಸೋಂಕಿದ ಗುರುತು ಮಾತ್ರ ಸಿಗಲಿಲ್ಲ.

ಅಲ್ಲಿಗೆ ಮೂಗಿನಲ್ಲಿ ಕಂಡದ್ದೇ ಇಲ್ಲೂ. ಶ್ವಾಸಕೋಶದಲ್ಲಿ ಹೋರಾಟ ನಡೆದಾಗ ದೇಹ ರಕ್ತಕ್ಕೆ ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-6 ಮುಂತಾದ ಸಂಕೇತಗಳನ್ನು ಸುರಿಯುತ್ತದೆ. ಅವು ಹೋದಲ್ಲೆಲ್ಲ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ, ನೋವಿನ ನರತುದಿಗಳು ಸೂಕ್ಷ್ಮವಾಗುತ್ತವೆ. ನಿನ್ನೆಯವರೆಗೆ ನೋವೆನ್ನಿಸದಿದ್ದ ಹೊರಳಾಟ ಇವತ್ತು ನೋವು. ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದಾಗ ಅವರಿಗೆ ಅಚ್ಚು ಫ್ಲೂ ಬಂದಂತೆಯೇ ಮೈಕೈ ನೋಯುತ್ತಿತ್ತು. ಯಾವ ಹೊಸ ವೈರಸ್ಸೂ ಇಲ್ಲದೆ. ಪ್ಯಾರಾಸಿಟಮಾಲ್ ಈ ನೋವಿಗೆ ಕೆಲಸ ಮಾಡುವುದೂ ಬಹುಮಟ್ಟಿಗೆ ಪ್ರೊಸ್ಟಾಗ್ಲ್ಯಾಂಡಿನ್ ತಯಾರಿಕೆಯನ್ನು ತಗ್ಗಿಸುವ ಮೂಲಕವೇ. ವೈರಸ್ಸಿನ ಕೂದಲೂ ಅದರಿಂದ ಕೊಂಕುವುದಿಲ್ಲ.

ಕೈಕಾಲಿನ ನರಗಳ ಕತೆ ಚಿಕ್ಕದು, ಆದರೆ ವಿಚಿತ್ರ ತಿರುವಿನದು. ವೂಹಾನ್‌ನಿಂದ ಮರಳಿದ್ದ 61 ವರ್ಷದ ಮಹಿಳೆಯೊಬ್ಬರು 2020ರ ಜನವರಿಯಲ್ಲಿ ಕಾಲುಗಳ ಬಲ ಕಳೆದುಕೊಂಡು ಆಸ್ಪತ್ರೆಗೆ ಬಂದರು. ಕೆಮ್ಮು ಜ್ವರ ಕಾಣಿಸಿದ್ದು ಅದಾಗಿ ವಾರದ ಮೇಲೆ. ಅವರಿಗೆ ಬಂದಿದ್ದು ಗಿಯಾನ್-ಬಾರೆ ಕಾಯಿಲೆ, ಅಂದರೆ ವೈರಿಯ ಮೇಲೆ ತಿರುಗಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ನರದ ಹೊದಿಕೆಯನ್ನೇ ಕೀಳುವುದು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಫ್ರೆಂಚ್ ಸೇನೆಯ ವೈದ್ಯರು ವಿವರಿಸಿದ್ದ ಕಾಯಿಲೆ ಅದು. ಏಪ್ರಿಲ್‌ನಲ್ಲಿ ಉತ್ತರ ಇಟಲಿಯಿಂದ ಇನ್ನೂ ಐದು ಪ್ರಕರಣಗಳ ವರದಿ ಬಂತು. ಈ ಕಾಯಿಲೆಯ ಅಲೆಯೇ ಏಳಲಿದೆ ಎಂದು ನರವೈದ್ಯರು ಸಜ್ಜಾದರು. ಬ್ರಿಟನ್ ತನ್ನ ಲೆಕ್ಕ ತೆಗೆದಾಗ ಮೊದಲ ಅಲೆಯ ತಿಂಗಳುಗಳಲ್ಲಿ ಗಿಯಾನ್-ಬಾರೆ ಹಿಂದಿನ ವರ್ಷಗಳಿಗಿಂತ ಕಡಿಮೆಯಾಗಿತ್ತು! ಅರೆಬೆಂದ ಕೋಳಿಮಾಂಸದಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಮತ್ತು ಮಾಮೂಲಿ ಶೀತಜ್ವರಗಳು ಈ ಕಾಯಿಲೆಯ ಹಳೆಯ ಪ್ರಚೋದಕರು. ಲಾಕ್‌ಡೌನ್ ಅವನ್ನೂ ಹಿಮ್ಮೆಟ್ಟಿಸಿತ್ತು. ಬಿಡಿ ಪ್ರಕರಣಗಳ ವರದಿಯನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ಇದನ್ನು ನಾನು ಆಗಾಗ ನೆನೆಯುತ್ತೇನೆ.

ಮಿದುಳಿನಲ್ಲಿ ಏಟು ಬಿದ್ದದ್ದು ಹೆಚ್ಚಾಗಿ ರಕ್ತನಾಳಗಳಿಗೆ. 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ನ್ಯೂಯಾರ್ಕ್‌ನ ಮೌಂಟ್ ಸೈನೈ ಆಸ್ಪತ್ರೆಗಳಿಗೆ ಎರಡು ವಾರದಲ್ಲಿ ಐವತ್ತು ತುಂಬದ ಐದು ಮಂದಿ ದೊಡ್ಡ ನಾಳ ಕಟ್ಟಿದ ಪಾರ್ಶ್ವವಾಯುವಿನಿಂದ ಬಂದರು. ಎಲ್ಲರಿಗೂ ಕೋವಿಡ್. ಹಿಂದಿನ ಒಂದು ವರ್ಷದಲ್ಲಿ ಎರಡು ವಾರಕ್ಕೆ ಈ ವಯಸ್ಸಿನ ಒಬ್ಬರೂ ಸರಾಸರಿಗೆ ಸಿಗುತ್ತಿರಲಿಲ್ಲ. ರಕ್ತ ಗರಣೆಗಟ್ಟುವ ಗುಣ ಹೆಚ್ಚಿ, ನಾಳದ ಒಳಗೋಡೆ ಕೆಟ್ಟು ಆದ ಅನಾಹುತ ಅದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಅವೀಂದ್ರ ನಾಥ್ (ಲುಧಿಯಾನಾದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು) ಮತ್ತು ಸಂಗಡಿಗರು ಮೃತರ ಮಿದುಳುಗಳನ್ನು ಅತಿ ಶಕ್ತಿಯ ಎಂಆರ್‌ಐನಲ್ಲಿ ಇಟ್ಟು ನೋಡಿದಾಗ ತೆಳುವಾದ, ಸೋರುವ ಕಿರುನಾಳಗಳು ಕಂಡವು. ವೈರಸ್ಸಿಗಾಗಿ ಹಲವು ಬಗೆಯಲ್ಲಿ ತಡಕಿದರೂ ಆ ಮಿದುಳುಗಳಲ್ಲಿ ಅದು ಸಿಗಲಿಲ್ಲ. ವೈರಸ್ ಮಿದುಳಿಗೆ ಎಂದೂ ಹೋಗುವುದಿಲ್ಲ ಎಂದು ಇದರ ಅರ್ಥವಲ್ಲ. ಜಪಾನಿನ ಯಮನಾಶಿಯಲ್ಲಿ ಯುವಕನೊಬ್ಬನ ಮಿದುಳುಬಳ್ಳಿಯ ದ್ರವದಲ್ಲೇ ಅದರ ಆರ್‌ಎನ್‌ಎ ಪತ್ತೆಯಾಗಿತ್ತು. ಅಂಥವು ಅಪರೂಪ.

‘ಮಿದುಳಿಗೆ ಮಂಜು ಕವಿದಂತೆ’ ಎಂದು ಹೇಳಿದವರಲ್ಲಿ ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲೇ ಹತ್ತಿದವರಲ್ಲ. ಬ್ಯಾಂಕಿನ ನೌಕರನಿಗೆ ಎರಡಂಕಿಯ ಕೂಡಿಕೆ ತಪ್ಪುತ್ತದೆ, ಮೇಷ್ಟ್ರಿಗೆ ಪಾಠದ ನಡುವೆ ಪದ ಸಿಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ಮೊದಲಿನಿಂದ ಕ್ಯಾನ್ಸರ್ ಕೀಮೋಥೆರಪಿಯ ನಂತರ ಬರುವ ಇಂಥದೇ ಮಂಕುತನವನ್ನು ಅಧ್ಯಯನ ಮಾಡುತ್ತಿದ್ದವರು. ಯೇಲ್‌ನ ಅಕಿಕೊ ಇವಾಸಾಕಿ ಜೊತೆಗೂಡಿ ಅವರು ಮಾಡಿದ ಇಲಿಗಳ ಪ್ರಯೋಗ ಜಾಣತನದ್ದು. ಮನುಷ್ಯರ ಎಸಿಇ-2 ಅವುಗಳ ಉಸಿರಾಟದ ಹಾದಿಯಲ್ಲಷ್ಟೇ ಇರುವಂತೆ ಮಾಡಿದರು. ಹಾಗಾಗಿ ಸೋಂಕು ಅಲ್ಲೇ ನಿಂತಿತು, ಮಿದುಳಿಗೆ ಹೋಗುವ ದಾರಿಯೇ ಇರಲಿಲ್ಲ. ಇಲಿಗಳಿಗೆ ಬಂದದ್ದು ಸೌಮ್ಯ ಕಾಯಿಲೆ. ಆದರೂ ಏಳು ವಾರಗಳ ಮೇಲೂ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳು ಕೆರಳಿಯೇ ಇದ್ದವು, ನರತಂತುಗಳಿಗೆ ಹೊದಿಕೆ ಹಾಕುವ ಕೋಶಗಳು ಕಡಿಮೆಯಾಗಿದ್ದವು, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳ ಹುಟ್ಟು ತಗ್ಗಿತ್ತು. ಇಲ್ಲೂ ಕೆಟ್ಟದ್ದು ಪಕ್ಕದವರ ಗೊಡವೆಯಿಂದ.

ಬ್ರಿಟನ್ನಿನ ಬಯೋಬ್ಯಾಂಕ್ ಯೋಜನೆಗೆ ಒಂದು ಅಪರೂಪದ ಅನುಕೂಲ ಇತ್ತು. ಕೋವಿಡ್‌ಗೆ ಮೊದಲೇ ತೆಗೆದ ಮಿದುಳಿನ ಚಿತ್ರಗಳು ಅದರ ಬಳಿ ಇದ್ದವು. ಅದೇ 785 ಮಂದಿಯನ್ನು ಮತ್ತೆ ಕರೆಸಿದರು. ನಡುವೆ 401 ಮಂದಿಗೆ ಸೋಂಕು ಬಂದುಹೋಗಿತ್ತು. ಸೋಂಕಿತರಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗಗಳು ಮಿಕ್ಕವರಿಗಿಂತ 0.2ರಿಂದ 2 ಶೇಕಡಾ ಹೆಚ್ಚು ಸೊರಗಿದ್ದವು. ‘ಕೋವಿಡ್‌ನಿಂದ ಮಿದುಳು ಕುಗ್ಗುತ್ತದೆ’ ಎಂದು ಟಿವಿಗಳು ಬೊಬ್ಬೆ ಹಾಕಿದವು. ಕುಗ್ಗಿದ್ದು ನಿಜ. ಆದರೆ ಮೂಗಿನಿಂದ ಸುದ್ದಿಯೇ ಬಾರದಿದ್ದರೆ ಅದನ್ನು ಕೇಳುವ ಭಾಗ ಬಳಕೆಯಿಲ್ಲದೆ ಸೊರಗುವುದೂ ಸಾಧ್ಯ ಎಂಬ ಎಚ್ಚರಿಕೆಯನ್ನು ಸಂಶೋಧಕರೇ ಕೊಟ್ಟಿದ್ದರು. ಆ ಸಾಲು ಯಾವ ಟಿವಿಗೂ ಕಾಣಲಿಲ್ಲ.

ಮೂಳೆಗೆ ಬಿದ್ದ ಪೆಟ್ಟಿನಲ್ಲಿ ವೈರಸ್ಸಿಗಿಂತ ನಮ್ಮ ಪಾಲೇ ದೊಡ್ಡದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಅಗ್ಗದ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ ಎಂದು ತೋರಿಸಿತು: ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಬರೀ ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ಇಳಿಯಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಏನೂ ಲಾಭವಿರಲಿಲ್ಲ. ಈ ಕೊನೆಯ ಸಾಲು 2021ರ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ತೇಲಿಹೋಯಿತು. ವಾಟ್ಸ್‌ಆಪ್‌ನಲ್ಲಿ ಓಡಾಡಿದ ಚೀಟಿ ತೋರಿಸಿ ಜನ ಜ್ವರದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದರು. ಶುರುವಿನಲ್ಲೇ ಹೀಗೆ ನುಂಗಬೇಡಿ ಎಂದು ಆ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಬಹಿರಂಗವಾಗಿ ಹೇಳಬೇಕಾಯಿತು. ಕಪ್ಪು ಶಿಲೀಂಧ್ರ ಎಲ್ಲರಿಗೂ ನೆನಪಿದೆ. ಸದ್ದಿಲ್ಲದೆ ಬಂದದ್ದು ಇನ್ನೊಂದು. ತೊಡೆಮೂಳೆಯ ಚೆಂಡಿನಂಥ ತಲೆಗೆ ರಕ್ತ ತರುವ ನಾಳಗಳು ಬಹಳ ಕಿರಿದು. ಸ್ಟೀರಾಯ್ಡ್‌ನಿಂದ ಅವು ಮುಚ್ಚಿದರೆ ಆ ತಲೆ ಒಳಗೊಳಗೇ ಸಾಯುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. 2003ರ ಸಾರ್ಸ್ ಆದಮೇಲೆ ಬೀಜಿಂಗ್, ಹಾಂಗ್‌ಕಾಂಗ್‌ಗಳಲ್ಲಿ ಬದುಕುಳಿದ ಎಷ್ಟೋ ಮಂದಿಗೆ ಹೀಗಾಗಿತ್ತು. 2021ರಲ್ಲಿ ಮುಂಬಯಿಯ ಹಿಂದುಜಾ ಆಸ್ಪತ್ರೆಯ ಮೂಳೆವೈದ್ಯರು ನಲವತ್ತರ ಒಳಗಿನ ಮೂವರ ಪ್ರಕರಣ ವರದಿ ಮಾಡಿದರು. ಅವರು ಪಡೆದಿದ್ದ ಒಟ್ಟು ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಸರಾಸರಿ 758 ಮಿಲಿಗ್ರಾಂ. ಈ ಕಾಯಿಲೆಗೆ 2000 ಬೇಕೆಂಬುದು ಹಳೆಯ ಅಂದಾಜು. ಆರು ತಿಂಗಳೋ ವರ್ಷವೋ ಬಿಟ್ಟು ಬರಬೇಕಾದ ನೋವು ಎರಡು ತಿಂಗಳಲ್ಲೇ ಬಂದಿತ್ತು. ಹಾಗಾಗಿ ವೈರಸ್ಸೂ ನಾಳ ಕೆಡಿಸಿ ಕೈಜೋಡಿಸಿರಬಹುದೆಂಬ ಸಂಶಯ ಉಳಿದೇ ಇದೆ. ಸ್ಟೀರಾಯ್ಡ್ ತೆಗೆದುಕೊಂಡಿದ್ದವರಿಗೆ ತೊಡೆಸಂದಿಯಲ್ಲಿ ನೋವು ಬಂದರೆ ‘ಸಯಾಟಿಕಾ’ ಎಂದು ಎಣ್ಣೆ ತಿಕ್ಕುತ್ತ ಕೂರದೆ ಎಂಆರ್‌ಐ ಮಾಡಿಸಬೇಕು. ಮೊದಲ ಹಂತದಲ್ಲಿ ಎಕ್ಸ್‌ರೇಗೆ ಏನೂ ಕಾಣುವುದಿಲ್ಲ.

ಐಸಿಯುನಲ್ಲಿ ಬೋರಲು ಮಲಗಿಸಿ ಉಸಿರು ಉಳಿಸಿದವರಲ್ಲಿ ಕೆಲವರು ಎಚ್ಚರಾದಾಗ ಒಂದು ಕೈ ಎತ್ತಲಾರದೆ ಹೋದರು. ಷಿಕಾಗೋದಲ್ಲಿ ಪುನಶ್ಚೇತನಕ್ಕೆ ಬಂದ 83 ರೋಗಿಗಳಲ್ಲಿ 12 ಮಂದಿಗೆ ಹೀಗೆ ನರ ಜಖಂ ಆಗಿತ್ತು, ಹನ್ನೊಂದು ಮಂದಿ ಬೋರಲು ಮಲಗಿದ್ದವರು. ಗಂಟೆಗಟ್ಟಲೆ ಹೆಗಲ ಮೇಲೋ ಮೊಣಕೈ ಮೇಲೋ ಬಿದ್ದ ಮೈಭಾರವೇ ಇದಕ್ಕೆ ಸಾಕು.

ಕೊನೆಗೆ, ಬಿಡದ ಸುಸ್ತು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಲ್ಲಿ ಮೊದಲು ಟ್ವಿಟರ್‌ನಲ್ಲಿ ಬರೆದವರು ವೈದ್ಯರಲ್ಲ, ಸ್ವತಃ ನರಳುತ್ತಿದ್ದ ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ. ವಿಶ್ವ ಆರೋಗ್ಯ ಸಂಸ್ಥೆ ವಿಧಿವತ್ತಾಗಿ ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಆ ನಡುವೆ ಈ ರೋಗಿಗಳು ಕೇಳಿಸಿಕೊಂಡ ಬುದ್ಧಿಮಾತು ಒಂದೇ: ಮಲಗಿ ಮಲಗಿ ಮೈ ಜಡ್ಡುಗಟ್ಟಿದೆ, ವಾಕಿಂಗ್ ಮಾಡಿ, ಸರಿಹೋಗುತ್ತದೆ. ಮಾಡಿದರು. ಆ ದಿನ ಹೇಗೋ ಕಳೆಯಿತು; ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿದರು.

ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥ 25 ಮಂದಿಯನ್ನೂ, ಪೂರ್ತಿ ಚೇತರಿಸಿಕೊಂಡಿದ್ದ 21 ಮಂದಿಯನ್ನೂ ಸುಮಾರು ಕಾಲು ಗಂಟೆ ಸೈಕಲ್ ತುಳಿಸಿದರು. ಅದಕ್ಕೆ ಒಂದು ವಾರ ಮೊದಲು, ಮತ್ತು ತುಳಿದ ಮರುದಿನ, ತೊಡೆಯ ಸ್ನಾಯುವಿನ ಚೂರು ತೆಗೆದರು. 2024ರ ಜನವರಿಯಲ್ಲಿ ಬಂದ ವರದಿ ‘ಎಲ್ಲ ಮನಸ್ಸಿನಲ್ಲಿದೆ’ ಎನ್ನುವವರ ಬಾಯಿ ಮುಚ್ಚಿಸುವಂಥದು. ರೋಗಿಗಳ ಸ್ನಾಯುಕೋಶಗಳ ಮೈಟೊಕಾಂಡ್ರಿಯಾಗಳು ಮಿಕ್ಕವರಿಗಿಂತ ಕಡಿಮೆ ಶಕ್ತಿ ಉತ್ಪಾದಿಸುತ್ತಿದ್ದವು. ತುಳಿದ ಮೇಲೆ ಅದು ಇನ್ನೂ ಇಳಿಯಿತು, ಸತ್ತ ಸ್ನಾಯುನಾರುಗಳು ಹೆಚ್ಚಿದವು.

ಇದಾದ ಮೇಲೆ ವ್ಯಾಯಾಮ ವಿಷವಾಯಿತೆಂದಲ್ಲ. ಐಸಿಯುನಿಂದ ಬಂದು ಬರೀ ಬಲ ಕುಂದಿರುವವರಿಗೆ ಅದೇ ಮದ್ದು. ದಣಿದ ಮರುದಿನ ಕುಸಿಯುವವರಿಗೆ ಮಾತ್ರ ಬೇರೆ ದಾರಿ: ದಿನಕ್ಕೆ ತಮ್ಮಲ್ಲಿರುವ ಶಕ್ತಿ ಎಷ್ಟೆಂದು ಗುರುತಿಸಿಕೊಂಡು, ಅದು ಮುಗಿಯುವ ಮೊದಲೇ ನಿಲ್ಲಿಸುವುದು, ಸ್ನಾನಕ್ಕೂ ಅಡುಗೆಗೂ ನಡುವೆ ಮಲಗುವುದು, ಒಳ್ಳೆಯ ದಿನ ಸಿಕ್ಕಿತೆಂದು ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗದಿರುವುದು. ಸಂಬಳದ ರಜೆ ಇರುವವರಿಗೆ ಇದು ಆದೀತು. ಗಾರೆ ಕೆಲಸದವರಿಗೆ, ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಹೊಲಿದು ಕೊಡಬೇಕಾದ ಹೆಣ್ಣುಮಕ್ಕಳಿಗೆ ಯಾವ ವೈದ್ಯರಾದರೂ ಈ ಸಲಹೆಯನ್ನು ಚೀಟಿಯಲ್ಲಿ ಬರೆದು ಕೊಡುವುದು ಹೇಗೆ? ಬರೆದುಕೊಟ್ಟರೂ ಸೂಪರ್‌ವೈಸರ್‌ಗೆ ತೋರಿಸಲು ಅವರ ಬಳಿ ಒಂದು ಎಕ್ಸ್‌ರೇ ಇಲ್ಲ, ಏರಿಳಿದ ಒಂದು ರಕ್ತದ ವರದಿ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನವರು ಮಾಡಿದ ಪರೀಕ್ಷೆ ಯಾವ ಲ್ಯಾಬಿನ ದರಪಟ್ಟಿಯಲ್ಲೂ ಇಲ್ಲ.